ಕಂಬಕ್ಕೆ ಕಿವಿ ಇಟ್ಟ ಬೇಸಿಗೆ

ಹೋದ ವರ್ಷ ಹೈದರಾಬಾದಿನ ಕಣ್ಣಿನ ಆಸ್ಪತ್ರೆಯೊಂದರಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಈಗ ಕತ್ತಿ ಮುಟ್ಟಿಸುವ ಮೊದಲು ಲೇಸರ್‌ನಿಂದಲೇ ಗೀರುತ್ತಾರೆ. ಯಂತ್ರ ನಡೆಸುವ ಹೆಣ್ಣುಮಗಳು ನನಗೆ ಧೈರ್ಯ ಹೇಳಲೆಂದು, “ಇದು ಒಂದೇ ಸಮನೆ ಉರಿಯೋ ಬೆಳಕಲ್ಲಮ್ಮಾ, ಮಿಡಿತ ಮಿಡಿತವಾಗಿ ಬರುತ್ತೆ. ಒಂದೊಂದು ಮಿಡಿತ ಎಷ್ಟು ಸಣ್ಣದು ಅಂದರೆ ಕಣ್ಣಿಗೆ ಬಿಸಿ ತಗಲೋದರೊಳಗೆ ಮುಗಿದುಹೋಗಿರುತ್ತೆ” ಎಂದಳು. ನಾನು ಗೊತ್ತು ಎನ್ನಲಿಲ್ಲ. ಕಣ್ಣಿನ ಮೇಲೆ ಬಟ್ಟಲಿನಂಥದ್ದೊಂದು ಬಂದು ಒತ್ತಿತು, ಕತ್ತಲಾಯಿತು. ಆ ಕತ್ತಲೊಳಗೆ ನನ್ನ ತಲೆಯ ಮೇಲೆ ಯಾರೋ ನಡೆದಂತಾಯಿತು. ಒಂದು ಹೆಜ್ಜೆ ಜೋರು, ಒಂದು ಹೆಜ್ಜೆ ಮೆಲ್ಲಗೆ.

“ಕದಲಬೇಡಿ ಅಮ್ಮಾ!” ಎಂದಳು ಆಕೆ. ಆಮೇಲೆ ಕೇಳಿದೆ. ಮೇಲಿನ ಅಂತಸ್ತಿನಲ್ಲಿ ಮಂಚ ಎಳೆದಿದ್ದರಂತೆ.

ಮನೆಗೆ ಬಂದ ಮೇಲೆ ಹದಿನೈದು ದಿನ ಓದುವಂತಿಲ್ಲ, ಬಿಸಿಲಿಗೆ ಹೋಗುವಂತಿಲ್ಲ. ಕಣ್ಣು ಮುಚ್ಚಿಕೊಂಡು ಕೂತಾಗ ದೇವದುರ್ಗದ ಆ ಬೇಸಿಗೆ ಪೂರ್ತಿಯಾಗಿ ತಿರುಗಿ ಬಂತು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಇಪ್ಪತ್ತಾರು. ಮಾನ್ವಿ ತಾಲೂಕಿನ ಮಲ್ಲಟ ನಮ್ಮೂರು. ಅಪ್ಪ ಅವ್ವ ಇಬ್ಬರೂ ಕಾಲುವೆ ಕೆಳಗಿನ ಗದ್ದೆಗಳಿಗೆ ನಾಟಿಯ ಕೂಲಿಗೆ ಹೋಗುತ್ತಿದ್ದರು. ಅಣ್ಣ ಹನುಮಂತ ಓದಿ, ಮಾನ್ವಿಯ ದವಾಖಾನೆಯಲ್ಲಿ ಕುಷ್ಠರೋಗದ ಸರ್ವೇ ಕೆಲಸಕ್ಕೆ ಸೇರಿದ್ದ. ಸೈಕಲ್ ಮೇಲೆ ಊರೂರು ತಿರುಗಿ ಜನರ ಬೆನ್ನು, ತೋಳು, ಕಿವಿ ನೋಡಿ ಮಚ್ಚೆ ಹುಡುಕುವುದು ಅವನ ಕೆಲಸ. ನಮ್ಮ ಗುಡಿಸಲಿನ ಗೋಡೆಗೆ ಬುದ್ಧನ ಪಟ ತಂದು ಹಾಕಿದವನೂ ಅವನೇ, ನನ್ನನ್ನು ಎಂ.ಎಸ್ಸಿ. ತನಕ ಓದಿಸಿದವನೂ ಅವನೇ. ನಾನು ರಾಯಚೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದೆ.

ಅದೇ ಕಾಲೇಜಿನಲ್ಲಿ ಇಕ್ಬಾಲ್ ಸರ್ ಇದ್ದರು. ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ಮನೆತನ ಅವರದು. ಇಂಗ್ಲೆಂಡಿಗೆ ಹೋಗಿ ಮೂರು ವರ್ಷ ಲೇಸರ್ ಮೇಲೆ ಕೆಲಸ ಮಾಡಿ ಬಂದವರು. ಬರುವಾಗ ಒಂದು ಬಿಸ್ಕೀಟಿನ ಡಬ್ಬಿಯೊಳಗೆ, ಹತ್ತಿಯಲ್ಲಿ ಸುತ್ತಿ, ಕೂದಲಿನಷ್ಟು ಸಣ್ಣ ಗಾಜಿನ ಎಳೆ ತಂದಿದ್ದರು. “ಹತ್ತು ಮೀಟರು ಅದ ನೋಡಮ್ಮಾ. ಇಡೀ ಜಿಲ್ಲಾಕ್ಕ ಇಷ್ಟೇ” ಎಂದು ನಕ್ಕಿದ್ದರು.

ಆ ಗಾಜಿನಲ್ಲಿ ನಿಯೋಡಿಮಿಯಮ್ ಎಂಬ ಧಾತುವನ್ನು ಬೆರೆಸಿರುತ್ತಾರೆ. ಒಂದು ತುದಿಯಿಂದ ಪುಟ್ಟ ಡಯೋಡಿನ ಬೆಳಕು ತುಂಬಿದರೆ ಎಳೆಯೊಳಗೆ ಅದರದೇ ಬೆಳಕು ಹುಟ್ಟಿ, ಎರಡು ತುದಿಯ ಕನ್ನಡಿಗಳ ನಡುವೆ ಹೋಗಿ ಬಂದು ಮಾಡುತ್ತದೆ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಕಾಣದಿದ್ದರೂ ಕಣ್ಣು ಸುಡುತ್ತದೆ. ಅದಕ್ಕೇ ನಾವಿಬ್ಬರೂ ಹಸಿರು ಕನ್ನಡಕ ಹಾಕಿಕೊಂಡೇ ಕೆಲಸ ಮಾಡುತ್ತಿದ್ದೆವು. ಎಳೆಯೊಳಗೆ ಏನು ನಡೆದಿದೆ ಎಂದು ತಿಳಿಯಲು ಆಸಿಲೋಸ್ಕೋಪ್ ಎಂಬ ಯಂತ್ರದ ಪರದೆಯೊಂದೇ ದಾರಿ.

ನಮಗೆ ಬೇಕಾಗಿದ್ದದ್ದು ಮಿಡಿತ. ಸರ್ ಅದನ್ನು ನನಗೆ ಕೋಲಾಟದಿಂದ ತಿಳಿಸಿದರು. ನಲವತ್ತು ಮಂದಿ ತಮ್ಮ ತಮ್ಮ ಮನಸ್ಸಿಗೆ ಬಂದಂತೆ ಕೋಲು ಹೊಡೆದರೆ ಬರೀ ಗದ್ದಲ. ಎಲ್ಲರೂ ಒಂದೇ ತಾಳಕ್ಕೆ ಬಿದ್ದರೆ ಒಂದೇ ಒಂದು ‘ಟಕ್’, ನಡುವೆಲ್ಲ ಮೌನ. ಎಳೆಯೊಳಗಿನ ಸಾವಿರಾರು ಅಲೆಗಳು ಹಾಗೆ ತಾಳಕ್ಕೆ ಬಿದ್ದರೆ ಇಡೀ ಬೆಳಕೆಲ್ಲ ಒಂದು ಸಣ್ಣ ತುಣುಕಾಗಿ ಕೂಡಿಕೊಂಡು ಓಡಾಡುತ್ತದೆ. ಪ್ರತಿ ಸಲ ಕನ್ನಡಿಗೆ ಬಂದು ಬಡಿದಾಗ ಸ್ವಲ್ಪ ಹೊರಗೆ ಸೋರುತ್ತದೆ. ಅದೇ ಮಿಡಿತ. ಲ್ಯಾಬಿನ ಮಾತಿನಲ್ಲಿ ‘ಲಾಕ್ ಆಗೋದು’. ಲಾಕ್ ಮಾಡಿಸಲು ಒಂದು ತುದಿಯಲ್ಲಿ ಹರಳೊಂದನ್ನು ಕೂಡಿಸಿದ್ದೆವು. ವಿದ್ಯುತ್ತಿನ ತಾಳಕ್ಕೆ ಅದು ಬಾಗಿಲಿನಂತೆ ತೆರೆದು ಮುಚ್ಚುತ್ತದೆ. ಬೆಳಕು ಒಂದು ಸುತ್ತು ಹೋಗಿ ಬರುವ ಹೊತ್ತಿಗೆ ಬಾಗಿಲು ತೆರೆದಿರಬೇಕು. ತಾಳ ಕೂದಲೆಳೆಯಷ್ಟು ತಪ್ಪಿದರೂ ಆಟ ಮುಗಿಯಿತು.

ರಾಯಚೂರಿನಲ್ಲಿ ಅದು ದಿನಾ ತಪ್ಪುತ್ತಿತ್ತು. ಬಿಸಿಲಿಗೆ ಗಾಜು ಹಿಗ್ಗುತ್ತದೆ, ಎಳೆಯ ಉದ್ದ ಬದಲಾಗುತ್ತದೆ. ಮುಂಜಾನೆ ಏಳಕ್ಕೆ ಹೊಂದಿಸಿದ ತಾಳ ಎಂಟಕ್ಕೆ ಸುಳ್ಳಾಗುತ್ತಿತ್ತು. ಪರದೆಯ ಮೇಲೆ ಬರೀ ಹಸಿರು ಹುಲ್ಲು ಬೆಳೆದಂತೆ ಗೀರುಗಳು ಕುಣಿಯುತ್ತಿದ್ದವು. ಯುಗಾದಿ ಮುಗಿಯುವ ಹೊತ್ತಿಗೆ ಕಾಲೇಜಿನ ಆ ಕೋಣೆ ಒಲೆಯಾಯಿತು.

“ನಮಗ ತಂಪು ಕೋಣಿ ಬೇಕು, ಹಗಲೂ ರಾತ್ರಿ ಒಂದೇ ಥರ ಇರೋದು” ಎಂದರು ಸರ್. “ದೇವದುರ್ಗದಾಗ ಬಸನಗೌಡ್ರ ವಾಡೇದಾಗ ಒಂದು ನೆಲಮಾಳಿಗಿ ಅದ. ನಮ್ಮ ಅಬ್ಬಾ ಅವರ ಹತ್ತಿ ಮಾರತಿದ್ರು. ಕೇಳಿದ್ರ ಇಲ್ಲ ಅನ್ನಂಗಿಲ್ಲ.”

ಇಲ್ಲ ಎನ್ನಲಿಲ್ಲ. ಆದರೆ ಹೂಂ ಎನ್ನುವ ಮೊದಲು ಬಸನಗೌಡರು ಬಹಳ ಹೊತ್ತು ಮೀಸೆ ಎಳೆಯುತ್ತ ಕೂತಿದ್ದರಂತೆ. ಅವರಿಗೆ ಐವತ್ತರ ಮೇಲಾಗಿತ್ತು. ಮಾತು ಕಡಿಮೆ. ಮನೆಯಲ್ಲಿ ಹೆಂಡತಿ, ಒಬ್ಬಳೇ ಮಗಳು. ಮಗಳ ಮದುವೆ ಆ ಬೇಸಿಗೆಯ ಕೊನೆಗೆ ಗೊತ್ತಾಗಿತ್ತು. ರಜೆ ಬಿದ್ದ ವಾರ ನಾವು ಸಾಮಾನನ್ನೆಲ್ಲ ಹಾಸಿಗೆಯಲ್ಲಿ ಸುತ್ತಿ ಬಾಡಿಗೆ ಜೀಪಿನಲ್ಲಿ ತಂದೆವು. ಸರ್ ತಮ್ಮ ನೆಂಟರ ಮನೆಯಲ್ಲಿ ಉಳಿದರು, ನಾನು ಪರಿಚಯದ ಟೀಚರಮ್ಮ ಒಬ್ಬರ ಮನೆಯಲ್ಲಿ.

ನಮ್ಮಂಥವರು ಆ ವಾಡೆಯ ಅಂಗಳ ದಾಟಿದ್ದಿಲ್ಲ. ಗೌಡರು ನನ್ನ ಕಡೆ ನೋಡದೆ ಸರ್‌ಗೆ ಹೇಳಿದರು: “ಹಿತ್ತಲ ಬಾಗಿಲು ಅದ. ಅಲ್ಲಿಂದ ಇಳದು ಬರ್ರಿ, ಅಲ್ಲಿಂದಾನ ಹೋಗ್ರಿ. ಮದಿವಿ ಮನಿ, ಒಳಗ ಗದ್ದಲ ಇರತದ.”

ಹನ್ನೆರಡು ಮೆಟ್ಟಿಲು ಇಳಿದರೆ ನೆಲಮಾಳಿಗೆ. ಹೊರಗೆ ಕಲ್ಲು ಸಿಡಿಯುವ ಬಿಸಿಲು, ಒಳಗೆ ತೋಳಿನ ಕೂದಲು ನಿಲ್ಲುವ ತಂಪು. ಹಳೇ ಜೋಳದ ವಾಸನೆ, ಬಾವಲಿಯ ವಾಸನೆ. ಅವೆರಡರ ಕೆಳಗೆ ಬೇವಿನೆಣ್ಣೆಯಂಥ ಇನ್ನೊಂದು ವಾಸನೆ, ಅದು ಮೇಲಿನ ತೊಲೆಗಳ ಸಂದಿನಿಂದ ಇಳಿಯುತ್ತಿತ್ತು. ಸಾಗುವಾನಿಯ ನಾಲ್ಕು ಕಂಬಗಳು ಮೇಲಿನ ಕೋಣೆಯನ್ನು ಹೊತ್ತು ನಿಂತಿದ್ದವು. ನೆಲ ತಗ್ಗುದಿನ್ನೆ ಎಂದು ಸರ್ ನಡುವಿನ ಕಂಬಕ್ಕೇ ಒಂದು ದಪ್ಪ ಹಲಗೆ ಬಡಿಸಿ ಅದರ ಮೇಲೆ ಗಾಜಿನ ಎಳೆಯ ಸುರುಳಿ ಇಟ್ಟರು. ಕರೆಂಟಿನ ಭರವಸೆ ಇಲ್ಲದ್ದರಿಂದ ಡಯೋಡ್ ಮತ್ತು ಸ್ಕೋಪ್ ಎರಡಕ್ಕೂ ಲಾರಿ ಬ್ಯಾಟರಿ, ಇನ್ವರ್ಟರ್ ಜೋಡಿಸಿದೆವು. ಬಾಗಿಲಿನ ಹರಳಿಗೆ ತಾಳ ಕೊಡುವ ಯಂತ್ರ ಮಾತ್ರ ನೇರ ಕರೆಂಟಿನ ಮೇಲೆ.

ಮೊದಲ ವಾರ ಕೆಲಸ ಚೆನ್ನಾಗಿ ಸಾಗಿತು. ಹುಲ್ಲಿನಂಥ ಗೀರುಗಳ ಜಾಗದಲ್ಲಿ ಬಾಚಣಿಗೆಯ ಹಲ್ಲುಗಳು ಸಾಲಾಗಿ ನಿಂತವು. ಆಮೇಲೆ ಒಂದು ಮಧ್ಯಾಹ್ನ, ಮೂರರ ಸುಮಾರಿಗೆ, ಕರೆಂಟು ಹೋಯಿತು. ತಾಳ ಕೊಡುವ ಯಂತ್ರ ಸತ್ತಿತು. ಬಾಗಿಲು ನಿಂತಿತು. ಪರದೆಯ ಮೇಲೆ ಮತ್ತೆ ಹುಲ್ಲು. ಸರ್ ಬೀಡಿ ಸೇದಲು ಮೇಲೆ ಹೋಗೋಣವೆಂದು ಎದ್ದರು.

ಆಗ ಹುಲ್ಲು ಒಮ್ಮೆ ನಡುಗಿ, ಬಾಚಣಿಗೆಯಾಯಿತು.

ನಾನು ಕೂಗಿದೆ. ಸರ್ ತಿರುಗಿ ನೋಡಿದರು. ಹಲ್ಲುಗಳು ಮೊದಲಿಗಿಂತ ಚೂಪಾಗಿ, ಸ್ಥಿರವಾಗಿ ನಿಂತಿದ್ದವು. ಯಾರೂ ತಾಳ ಕೊಡುತ್ತಿರಲಿಲ್ಲ. ಸರ್ ತಾಳದ ಯಂತ್ರದ ತಂತಿಯನ್ನೇ ಕಿತ್ತು ಕೈಯಲ್ಲಿ ಹಿಡಿದರು. ಮಿಡಿತ ಹೋಗಲಿಲ್ಲ. ಅರ್ಧ ನಿಮಿಷ ಇದ್ದು ತಾನಾಗಿಯೇ ಚದುರಿತು, ಮತ್ತೆ ಕೂಡಿತು.

“ಯಾ ಅಲ್ಲಾ” ಎಂದರು ಸರ್, ಪಿಸುಮಾತಿನಲ್ಲಿ. “ತಾನೇ ತಾಳ ಹಾಕಾಕತ್ತದ.”

ಮರುದಿನ ಬೇಕೆಂದೇ ತಾಳದ ಯಂತ್ರ ಆರಿಸಿ ಕೂತೆವು. ಹನ್ನೆರಡು, ಒಂದು, ಎರಡು ಗಂಟೆ. ಬರೀ ಹುಲ್ಲು. ಸರ್ ಹಲಗೆಯನ್ನು ಬೆರಳಿನಿಂದ ಕುಟ್ಟಿದರು, ಮುಷ್ಟಿಯಿಂದ ಗುದ್ದಿದರು. ಏನೂ ಆಗಲಿಲ್ಲ. ಮೂರಕ್ಕೆ ಸರಿಯಾಗಿ ಬಾಚಣಿಗೆ ಬಂತು. “ಬಂತು! ಬಂತು!” ಎಂದು ನಾವಿಬ್ಬರೂ ಸಣ್ಣ ಮಕ್ಕಳಂತೆ ಕೂಗಿಕೊಂಡೆವು. ಪರದೆಯ ಹಸಿರು ಬೆಳಕಿನಲ್ಲಿ ತೊಲೆಯ ಸಂದಿನಿಂದ ಮಣ್ಣಿನ ಸಣ್ಣ ಧಾರೆಯೊಂದು ಇಳಿಯುತ್ತಿದ್ದುದು ನನಗೆ ಕಂಡಿತು. ಎಳೆಯ ಮೇಲೆ ಬೀಳದಿರಲೆಂದು ಸರ್ ತಮ್ಮ ಚಾದರವನ್ನು ಅಲ್ಲಿ ಕಟ್ಟಿದರು. ಮಣ್ಣು ಯಾಕೆ ಬಿತ್ತು ಎಂದು ಕೇಳಲಿಲ್ಲ.

ಮೂರನೆಯ ದಿನ ನಾನು ಕಂಬಕ್ಕೆ ಕಿವಿ ಇಟ್ಟೆ.

ಟಪ್. ಸೂಂ. ಟಪ್. ಸೂಂ. ಹೆಜ್ಜೆ. ಒಂದು ಕಾಲು ನೆಲಕ್ಕೆ ಅಪ್ಪಳಿಸುತ್ತದೆ, ಇನ್ನೊಂದು ಮೆಲ್ಲಗೆ ಸರಿಯುತ್ತದೆ. ಹನ್ನೊಂದು ಹೆಜ್ಜೆ, ಸ್ವಲ್ಪ ಸುಮ್ಮನೆ, ತಿರುಗಿ ಹನ್ನೊಂದು. ಟಪ್ ಎಂದಾಗಲೆಲ್ಲ ಪರದೆಯ ಹುಲ್ಲು ನಡುಗುತ್ತಿತ್ತು. ಅಂಥ ಏಳೆಂಟು ಏಟಿಗೊಮ್ಮೆ ಲಾಕ್ ಆಗುತ್ತಿತ್ತು. ಅಲುಗಿದ ಎಳೆಯೊಳಗೆ ಬೆಳಕು ಒಂದು ಕ್ಷಣ ಎಡವಿ, ಏಳುವಾಗ ತಾಳಕ್ಕೆ ಬೀಳುತ್ತಿತ್ತು. ನಮ್ಮ ಬೆರಳಿಗೂ ಮುಷ್ಟಿಗೂ ಆಗದ್ದು ಆ ಹೆಜ್ಜೆಗೆ ಆಗುತ್ತಿತ್ತು.

ಹಿತ್ತಲಿಗೆ ಹೋಗಿ ನೋಡಿದೆ. ನೆಲಮಾಳಿಗೆಯ ಮೇಲಿನ ಕೋಣೆಗೆ ಹೊರಗಿನಿಂದ ಬಾಗಿಲಿಲ್ಲ. ಆಳೆತ್ತರದಲ್ಲಿ ಒಂದೇ ಒಂದು ಕಿಂಡಿ, ಅದಕ್ಕೂ ಒಳಗಿನಿಂದ ಗೋಣಿತಟ್ಟು. ಅಂದು ಸಂಜೆ ಗೌಡರು ಹಿತ್ತಲಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ.

“ಗೌಡ್ರ, ನಮ್ಮ ಮ್ಯಾಲಿನ ಕೋಣ್ಯಾಗ ಯಾರ ಅದಾರ್ರಿ?”

“ಯಾರೂ ಇಲ್ಲ. ನಮ್ಮವ್ವ ಹೋದ ಮ್ಯಾಲ ಕೀಲಿ ಹಾಕೇವಿ.”

“ಸಪ್ಪಳ ಬರತದ್ರಿ.”

“ಇಲಿ ಅದಾವ” ಎಂದು ಅವರು ಹೋಗಿಬಿಟ್ಟರು. ಹನ್ನೊಂದು ಹೆಜ್ಜೆಗೊಮ್ಮೆ ತಿರುಗುವ ಇಲಿಯನ್ನು ನಾನು ಕಂಡಿರಲಿಲ್ಲ.

ಸರ್‌ಗೆ ಹೇಳಿದೆ. ಅವರು ಕಂಬಕ್ಕೆ ಕಿವಿ ಇಡಲಿಲ್ಲ. ಅದು ನನಗೆ ಈಗಲೂ ನೆನಪಿದೆ. ಕನ್ನಡಕ ಒರೆಸುತ್ತ, “ಹಳೇ ಮನಿ, ಹಳೇ ಕಟಗಿ. ಬಿಸಲಿಗೆ ಸಪ್ಪಳ ಮಾಡತಾವ. ನೀ ರೀಡಿಂಗ್ ಬರಕೋ ಬೇಟಾ. ಇಂಥಾದ್ದು ಎಲ್ಲೀನೂ ಯಾರೂ ನೋಡಿಲ್ಲ. ಒಂದು ಎಂಟು ದಿನದ ರೀಡಿಂಗ್ ಸಿಕ್ಕರ ಸಾಕು” ಎಂದರು.

ನಾನು ಬರೆದುಕೊಂಡೆ. ಇದನ್ನು ಮುಚ್ಚಿಡುವುದಿಲ್ಲ. ಮೇಲೆ ಇರುವುದು ಮನುಷ್ಯ ಎಂದು ಗೊತ್ತಿದ್ದೂ ಎಂಟು ದಿನ ಬರೆದುಕೊಂಡೆ. ನೋಟುಬುಕ್ಕಿನಲ್ಲಿ ಗೆರೆ ಹಾಕಿ ಒಂದು ಕಡೆ ಹೊತ್ತು, ಒಂದು ಕಡೆ ಏಟು, ಒಂದು ಕಡೆ ಲಾಕ್ ಆದದ್ದು. ತಾತ್ಕಾಲಿಕ ಕೆಲಸ ನನ್ನದು. ಈ ರೀಡಿಂಗ್‌ಗಳಿಂದ ಬರೆಯುವ ಲೇಖನದಲ್ಲಿ ನನ್ನ ಹೆಸರೂ ಇರುತ್ತದೆ ಎಂದು ಸರ್ ಹೇಳಿದ್ದರು. ಹೆಜ್ಜೆಗಳು ದಿನದಿಂದ ದಿನಕ್ಕೆ ಹೆಚ್ಚಾಗುತ್ತಿದ್ದವು. ಮೊದಲು ಮೂರಕ್ಕೆ ಮಾತ್ರ ಇದ್ದಂಥವು ಈಗ ಹನ್ನೆರಡಕ್ಕೇ ಶುರುವಾಗುತ್ತಿದ್ದವು. ನಮಗದು ಲಾಭವೇ ಆಗಿತ್ತು.

ಒಂದು ದಿನ ಸರ್ ಶುಕ್ರವಾರದ ನಮಾಜಿಗೆ ಹೋಗಿದ್ದರು. ನಾನೊಬ್ಬಳೇ. ಬಾಚಣಿಗೆ ಬಂತು, ಚದುರಿತು. ಹೆಜ್ಜೆ ನಿಂತಿತು. ಸರಿಯಾಗಿ ನನ್ನ ತಲೆಯ ಮೇಲೆ ನಿಂತಿತು. ನನಗೆ ಏನನ್ನಿಸಿತೋ, ತೊಲೆಯ ಕಡೆ ಮುಖ ಎತ್ತಿ, ನನಗಷ್ಟೇ ಕೇಳಿಸುವಷ್ಟು ಮೆಲ್ಲಗೆ, “ಇನ್ನೊಮ್ಮೆ” ಎಂದೆ.

ಟಪ್.

ಹುಲ್ಲು ಬಾಚಣಿಗೆಯಾಯಿತು. ನಾನು ಹನ್ನೆರಡು ಮೆಟ್ಟಿಲನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಹಿತ್ತಲ ಬಿಸಿಲಿನಲ್ಲಿ, ಬಿಸಿಯಾದ ಗೋಡೆಗೆ ಬೆನ್ನು ಕೊಟ್ಟು ನಿಂತರೂ ಚಳಿ ಬಿಡಲಿಲ್ಲ. ಸರ್ ಬಂದು ಕೇಳಿದಾಗ ತಲೆನೋವು ಎಂದೆ.

ಮರುದಿನ ಹೆಜ್ಜೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಪರದೆಯ ತುಂಬ ಹುಲ್ಲು. ಸರ್ ಹಲಗೆ ಬಡಿದರು, ಕಂಬ ಬಡಿದರು, ಕೊನೆಗೆ ಸುತ್ತಿಗೆ ತಂದರು. ಮೂರನೆಯ ದಿನ ಬೇವಿನೆಣ್ಣೆಯ ವಾಸನೆಯೊಳಗೆ ಇನ್ನೊಂದು ವಾಸನೆ ಬಂದಿತ್ತು. ಕೊಳೆತ ಗಾಯದ ವಾಸನೆ ಅಣ್ಣನ ಚೀಲದ ಬಟ್ಟೆಗಳಿಂದ ನನಗೆ ಪರಿಚಯ. ನಾನು ಕನ್ನಡಕ ತೆಗೆದಿಟ್ಟು, ಹಿತ್ತಲು ಸುತ್ತಿ ಮುಂಬಾಗಿಲಿಗೆ ಹೋದೆ.

ಗೌಡರು ಕಟ್ಟೆಯ ಮೇಲೆ ಕೂತು ಹಂದರ ಹಾಕಿಸುತ್ತಿದ್ದರು. ಹತ್ತಿರ ಹೋಗಿ ಅವರಿಗಷ್ಟೇ ಕೇಳುವಂತೆ ಹೇಳಿದೆ.

“ಗೌಡ್ರ, ಮ್ಯಾಲಿನವ್ರು ಮೂರು ದಿನದಿಂದ ನಡದಿಲ್ರಿ.”

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಸುತ್ತ ನೋಡಿ ಎದ್ದರು. ಉಡದಾರಕ್ಕೆ ಕಟ್ಟಿದ್ದ ಕೀಲಿಕೈ ಬಿಚ್ಚಿಕೊಂಡರು. “ಜ್ವರ ಬಂದದ” ಎಂದರು. “ಡಾಕ್ಟರನ್ನ ಹೆಂಗ ಕರೀಲಿ? ಕರದ್ರ ಮದಿವಿ ಹೆಂಗ ಆಗತದ?” ಆ ಮಾತು ನನಗೆ ಹೇಳಿದ್ದಲ್ಲ. ಬಹಳ ದಿನದಿಂದ ತಮಗೆ ತಾವೇ ಹೇಳಿಕೊಳ್ಳುತ್ತಿದ್ದ ಮಾತು, ಅಂದು ಹೊರಗೆ ಬಿತ್ತು. ಮುಂದೆ ನಡೆದರು, ನಾನು ಹಿಂದೆ. ಆ ಮನೆಯ ಒಳಗಿನ ಹೊಸ್ತಿಲನ್ನು ನಾನು ದಾಟಿದ್ದು ಹಾಗೆ. ಯಾರೂ ತಡೆಯಲಿಲ್ಲ.

ಕೋಣೆ ಸ್ವಚ್ಛವಾಗಿತ್ತು. ಒಂದು ಮಂಚ, ಮಣ್ಣಿನ ಕೊಡ, ಅರ್ಧ ಹೊಲಿದ ಕೌದಿ. ಮಂಚದ ಮೇಲೆ ನಲವತ್ತರ ಹೆಣ್ಣುಮಗಳು ಗೋಡೆಗೆ ಒರಗಿದ್ದಳು. ಜ್ವರಕ್ಕೆ ತುಟಿ ಒಣಗಿತ್ತು. ಕೆನ್ನೆಯ ಮೇಲೆ ಬಿಳುಪಾದ ಮಚ್ಚೆ, ಎಡಗಾಲಿಗೆ ಹಳೇ ಸೀರೆಯ ಪಟ್ಟಿ. ಗೌಡರ ತಂಗಿ ನೀಲಮ್ಮ. ಏಳು ವರ್ಷದ ಹಿಂದೆ ಮಚ್ಚೆ ಕಂಡಾಗ ಗಂಡನ ಮನೆಯವರು ತಂದು ಬಿಟ್ಟು ಹೋಗಿದ್ದರು. ಊರಿನವರಿಗೆ, ಶ್ರೀಶೈಲದ ಕಡೆ ಯಾವುದೋ ಮಠ ಸೇರಿದ್ದಾಳೆ ಎಂದು ಹೇಳಲಾಗಿತ್ತು. ಗೌಡರು ಎರಡು ಹೊತ್ತು ತಾವೇ ಊಟ ಒಯ್ದುಕೊಟ್ಟು, ಅವಳು ಉಂಡ ಮೇಲೆ ತಾವು ಉಣ್ಣುತ್ತಿದ್ದರು. ಕೀಲಿ ಹಾಕಿದವರೂ ಅವರೇ.

ಅವಳು ನನ್ನನ್ನು ನೋಡಿ ಹೆದರಲಿಲ್ಲ.

“ಕೆಳಗಿನಾಕಿ ನೀನೇನು? ದನಿ ಕೇಳಿ ಇನ್ನೂ ಸಣ್ಣಾಕಿ ಇರಬೇಕಂತ ಮಾಡಿದ್ದೆ.”

“ನಮ್ಮ ಮಾತು ನಿಮಗ ಕೇಳಸ್ತಿತ್ತೇನ್ರಿ?”

“ಎಲ್ಲಾ ಕೇಳಸ್ತಿತ್ತು. ನಾ ನಡದ್ರ ನಿಮಗ ಏನೋ ಬರತಿತ್ತು. ಬಂತು, ಬಂತು ಅಂತ ನಗತಿದ್ರಿ.” ಅವಳು ಉಸಿರು ತೆಗೆದುಕೊಂಡಳು. “ಈ ಮನ್ಯಾಗ ನನ್ನಿಂದ ಯಾರೂ ನಕ್ಕಿದ್ದಿಲ್ಲ. ಅದಕ್ಕ ನಡದೆ. ಮೊದಲೆಲ್ಲ ದಿನಕ್ಕ ಹತ್ತು ಸುತ್ತು ಹಾಕತಿದ್ದೆ. ನೀವು ಬಂದ ಮ್ಯಾಲ ಲೆಕ್ಕ ಬಿಟ್ಟೆ.”

“ಕಾಲು ನೋಯಲಿಲ್ಲೇನ್ರಿ?”

“ಆ ಕಾಲಿಗೆ ಏನೂ ತಿಳಿಯಂಗಿಲ್ಲವ್ವಾ. ಪಾದ ಎತ್ತಾಕೂ ಬರಂಗಿಲ್ಲ, ಜೋತು ಬಿದ್ದದ. ಸುಮ್ಮಕ ಬಡೀತದ ನೆಲಕ್ಕ.”

ನಾನು ಮಂಚದ ಕೆಳಗೆ ಕೂತು ಪಟ್ಟಿಗೆ ಕೈ ಹಾಕಿದೆ. ಅವಳು ಕಾಲು ಎಳೆದುಕೊಂಡು, “ಮುಟ್ಟಬ್ಯಾಡ” ಎಂದಳು. ಆ ಮಾತನ್ನು ಹುಟ್ಟಿದಾಗಿನಿಂದ ಕೇಳಿದವಳು ನಾನು. ಹೇಳಿದವರೆಲ್ಲ ತಮ್ಮ ಸಲುವಾಗಿ ಹೇಳುತ್ತಿದ್ದರು. ನನ್ನ ಸಲುವಾಗಿ ಹೇಳಿದವಳು ಇವಳೊಬ್ಬಳೇ. ಪಟ್ಟಿ ಬಿಚ್ಚಿದೆ. ಅಂಗಾಲಿನ ನಡುವೆ ರೂಪಾಯಿ ನಾಣ್ಯದಷ್ಟು ಅಗಲದ ತೂತು, ಅದರ ತಳದಲ್ಲಿ ಬೆಳ್ಳಗೆ ಏನೋ ಕಾಣುತ್ತಿತ್ತು. ನನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದ ಏಟುಗಳೆಲ್ಲ ಅಲ್ಲಿದ್ದವು.

ಕೆಳಗೆ ಬಂದು ಸರ್‌ಗೆ ಎಲ್ಲ ಹೇಳಿದೆ. ಅವರು ಹಸಿರು ಕನ್ನಡಕ ತೆಗೆದರು.

“ನಿನಗ ಯಾವಾಗಿಂದ ಗೊತ್ತಿತ್ತು?”

“ನಿಮಗ್ರೀ?”

ಅವರು ಎದ್ದು ಡಯೋಡಿನ ತಂತಿ ತೆಗೆದರು. ಆಮೇಲೆ ತಾವೇ ಪೋಸ್ಟಾಫೀಸಿಗೆ ಹೋಗಿ ಮಾನ್ವಿಗೆ ಫೋನು ಹಚ್ಚಿಸಿ ಅಣ್ಣನನ್ನು ಕರೆಸಿದರು.

ಅಣ್ಣ ಮರುದಿನ ಮೊದಲ ಬಸ್ಸಿಗೆ ಬಂದ. ಗಾಯ ತೊಳೆದು ಕಟ್ಟಿದ. ಜ್ವರಕ್ಕೆ, ಗಾಯಕ್ಕೆ ದವಾಖಾನೆಯ ಡಾಕ್ಟರು ಬರೆದುಕೊಟ್ಟ ಗುಳಿಗೆ ತಂದಿದ್ದ, ಕೊಟ್ಟ. ಆಮೇಲೆ ಚೀಲದಿಂದ ಇನ್ನೊಂದು ಗುಳಿಗೆಯ ಹಾಳೆ ತೆಗೆದು ಅವಳ ಅಂಗೈಗೆ ಇಟ್ಟ. “ಇದನ್ನ ನನ್ನ ಎದುರಿಗೇ ನುಂಗಬೇಕ್ರಿ ಯಕ್ಕಾ. ಒಂದಕ್ಕ ಹೋದ್ರ ಕೆಂಪಗ ಬರತದ, ಅಂಜಬ್ಯಾಡ್ರಿ. ನಾಕು ದಿನದಾಗ ನಿಮ್ಮಿಂದ ಯಾರಿಗೂ ಹತ್ತಂಗಿಲ್ಲ. ಎರಡು ವರ್ಷ ಬಿಡದಂಗ ನುಂಗಿದ್ರ ವಾಸಿ.”

“ವಾಸಿ ಅಂದ್ರ?” ಎಂದು ಕೇಳಿದ್ದು ಗೌಡರು.

“ವಾಸಿ ಅಂದ್ರ ವಾಸೀನ ರೀ. ಜೋತು ಬಿದ್ದ ಪಾದಕ್ಕ ಆಪರೇಷನ್ ಬ್ಯಾರೆ ಅದ. ರೋಗ ಮಾತ್ರ ಹೋಗತದ.”

“ಏಳು ವರ್ಷದ ಹಿಂದ ಈ ಗುಳಿಗಿ ಇತ್ತೇನು?”

“ಈಗೀಗ ಬಂದಾವ್ರಿ. ನಾಕೈದು ವರ್ಷ ಆತು.”

ಗೌಡರು ಗೋಡೆಗೆ ಮುಖ ಮಾಡಿ ನಿಂತರು. ಗೋಡೆಯ ಕಡೆಗೇ ಮಾತಾಡಿದರು. “ಮದಿವಿ ಹನ್ನೆರಡು ದಿನ ಅದ. ಅಲ್ಲೀತನಕ ಹೊರಗ ಬಿಡಬ್ಯಾಡ್ರಪ್ಪಾ. ನನ್ನ ಮಗಳದೂ ಇದೇ ಗತಿ ಆಗತದ.”

ಅಣ್ಣನಿಗೆ ಸಿಟ್ಟು ಬಂದಿತ್ತು, ಬಾಯಿ ತೆರೆದಿದ್ದ. ಅಷ್ಟರಲ್ಲಿ ನೀಲಮ್ಮ ಮಾತಾಡಿದಳು.

“ಮದಿವಿ ಆಗಲಿ. ಹೆಂಗೂ ಈ ಕಾಲಿಲೆ ನಡೀಬ್ಯಾಡ ಅಂತಾನ ಈ ತಮ್ಮ. ಹನ್ನೆರಡು ದಿನ ನಾನ ಒಳಗ ಇರತೀನಿ. ಆದ್ರ ಅಣ್ಣಾ, ಕೀಲಿ ನನ್ನ ಕೈಯಾಗ ಕೊಡು. ಒಳಗಿಂದ ನಾನ ಹಾಕ್ಕೋತೀನಿ.”

ಗೌಡರು ಉಡದಾರದಿಂದ ಕೀಲಿಕೈ ಬಿಚ್ಚಿ ಅವಳ ಹಾಸಿಗೆಯ ಮೇಲೆ ಇಟ್ಟರು.

ಅಣ್ಣ ಎರಡು ದಿನಕ್ಕೊಮ್ಮೆ ಬಂದು ಗಾಯ ಕಟ್ಟಿದ. ನಡುವಿನ ದಿನಗಳಲ್ಲಿ ನಾನು ಕಟ್ಟಿದೆ. ಜ್ವರ ಇಳಿಯಿತು, ಗಾಯ ಕೆಂಪಗೆ ತುಂಬಿಕೊಳ್ಳತೊಡಗಿತು. ಒಂದು ಸಂಜೆ ಹಿತ್ತಲಲ್ಲಿ ಗೌಡರು ನನ್ನನ್ನು ನಿಲ್ಲಿಸಿದರು. “ಅಲ್ಲಿ ಕೇಳಸ್ತದ ಅಂತ ಗೊತ್ತಿದ್ರ ನೆಲಮಾಳಿಗಿ ಕೊಡತಿದ್ದಿಲ್ಲ ನಾನು” ಎಂದರು. ಕೊಟ್ಟದ್ದು ಒಳ್ಳೆಯದಾಯಿತು ಎನ್ನುತ್ತಾರೇನೋ ಎಂದು ಕಾದೆ. ಅದನ್ನು ಅವರು ಹೇಳಲಿಲ್ಲ. ಆ ಹೊತ್ತಿಗೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಮದುವೆ ಆಯಿತು. ಬೀಗರು ಹೋದ ಮರುದಿನ ನಾವು ಸಾಮಾನು ಕಟ್ಟಲು ಬಂದೆವು. ನೀಲಮ್ಮ ಅಂದೇ ಮಾನ್ವಿಗೆ ಹೊರಡುವವಳಿದ್ದಳು. “ಅದೇನು ಬರತಿತ್ತೋ ಅದನ್ನ ನನಗೊಮ್ಮೆ ತೋರಸ್ರಿ” ಎಂದಳು. ಸರ್ ಕಟ್ಟಿದ್ದ ಗಂಟುಗಳನ್ನು ಬಿಚ್ಚಿ, ಒಂದು ತಾಸು ಕೂತು ಕನ್ನಡಿಗಳನ್ನು ಹೊಂದಿಸಿದರು. ನಾನು ಮತ್ತು ಗೌಡರು ಅವಳನ್ನು ಕುರ್ಚಿಯ ಮೇಲೆ ಕೂಡಿಸಿ ಹನ್ನೆರಡು ಮೆಟ್ಟಿಲು ಇಳಿಸಿದೆವು. ಹಸಿರು ಕನ್ನಡಕ ಹಾಕಿದೆವು. ಸರ್ ತಾಳದ ಯಂತ್ರದಿಂದಲೇ ಲಾಕ್ ಮಾಡಿಸಿದರು. ಬಾಚಣಿಗೆ ಬಂತು.

ನೀಲಮ್ಮ ಮುಂದೆ ಬಾಗಿ ಬಹಳ ಹೊತ್ತು ನೋಡಿದಳು.

“ಬೆಳಕು ಎಲ್ಲಿ ಅದ?”

“ಅದು ಕಣ್ಣಿಗೆ ಕಾಣಂಗಿಲ್ರಿ. ಇದು ಅದರ ಗುರುತು” ಎಂದರು ಸರ್.

“ಇಷ್ಟೇನಾ?” ಎಂದಳು.

ಸರ್ ಏನೋ ಹೇಳಲು ಹೋದರು. ಆಮೇಲೆ ತಲೆ ಬಗ್ಗಿಸಿ, “ಇಷ್ಟೇ ರೀ” ಎಂದರು.

ಆ ಲೇಖನವನ್ನು ಅವರು ಕಳಿಸಲಿಲ್ಲ. ಬರೆದದ್ದು ನಿಜ. ಅದರಲ್ಲಿ ‘ಕಟ್ಟಡದ ಆಕಸ್ಮಿಕ ಅಲುಗಾಟದಿಂದ’ ಎಂಬ ಒಂದು ಸಾಲಿತ್ತು. ನಾನು ಆಕಸ್ಮಿಕ ಎಂಬ ಶಬ್ದಕ್ಕೆ ಬೆರಳಿಟ್ಟು ಕೂತೆ. ಅವರು ಅದರ ಜಾಗಕ್ಕೆ ಇನ್ನೊಂದು ಶಬ್ದ ಹುಡುಕಿ ಹುಡುಕಿ ಬಿಟ್ಟುಬಿಟ್ಟರು. ಒಂದೆರಡು ವರ್ಷದಲ್ಲಿ ಹೊರದೇಶದವರು ಅಂಥದ್ದೇ ಎಳೆ ತಾನಾಗಿಯೇ ಲಾಕ್ ಆಗುವುದನ್ನು ಬರೆದರು. ಮೆಲ್ಲಗೆ ತಟ್ಟಿದರೆ ಶುರುವಾಗುತ್ತದೆ ಎಂದಿತ್ತು. ಸರ್ ಆ ಹಾಳೆಯನ್ನು ನನ್ನ ಮೇಜಿನ ಮೇಲೆ ಇಟ್ಟು ಕ್ಲಾಸಿಗೆ ಹೋದರು. ನೀಲಮ್ಮ ಎರಡು ವರ್ಷ ಗುಳಿಗೆ ನುಂಗಿದಳು. ತಿರುಗಿ ದೇವದುರ್ಗಕ್ಕೆ ಹೋಗಲಿಲ್ಲ. ಕವಿತಾಳದಲ್ಲಿ ಒಂದು ಖೋಲಿ ಹಿಡಿದು ಕೌದಿ ಹೊಲಿದು ಬದುಕಿದಳು. ಗೌಡರು ಇರುವ ತನಕ ತಿಂಗಳಿಗೊಮ್ಮೆ ಬಂದು ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದರು. ಈಗ ಇಬ್ಬರೂ ಇಲ್ಲ.

ಅಂದು ದೇವದುರ್ಗದಿಂದ ಮಾನ್ವಿಗೆ ಅವಳನ್ನು ಕರೆದುಕೊಂಡು ಹೋದವಳು ನಾನೇ. ಗೌಡರು ಜೀಪು ಹೇಳುತ್ತೇನೆ ಎಂದರು. ಅವಳು ಬಸ್ಸಿನಲ್ಲೇ ಹೋಗುತ್ತೇನೆ ಎಂದಳು. ಕಿಟಕಿಯ ಪಕ್ಕ ಕೂಡಿಸಿದೆ. ಮುಖ ಮುಚ್ಚಿಕೊಂಡಿದ್ದ ಸೆರಗು ಊರ ಅಗಸೆ ಬಾಗಿಲು ದಾಟಿದ ಮೇಲೆ ಗಾಳಿಗೆ ಸರಿಯಿತು. ಅವಳು ಮತ್ತೆ ಎಳೆದುಕೊಳ್ಳಲಿಲ್ಲ. ಮುಂದಿನ ಹಳ್ಳಿಯಲ್ಲಿ ಜನ ತುಂಬಿದರು. ಬಗಲಲ್ಲಿ ಕೂಸು, ತಲೆಯ ಮೇಲೆ ಗಂಟು ಹೊತ್ತ ಹರೆಯದ ಹೆಂಗಸೊಬ್ಬಳು ನಮ್ಮ ಸೀಟಿನ ಪಕ್ಕ ನಿಂತು ಜೋಲಿ ತಪ್ಪುತ್ತಿದ್ದಳು. ಅವಳು ಯಾರನ್ನೂ ಕೇಳಲಿಲ್ಲ, “ಒಂಚೂರು ಹಿಡೀರಿ ಯಕ್ಕಾ” ಎಂದು ಕೂಸನ್ನು ನನ್ನ ಮೇಲಿಂದ ದಾಟಿಸಿ ನೀಲಮ್ಮನ ತೊಡೆಗೆ ಹಾಕಿಬಿಟ್ಟಳು.

ನೀಲಮ್ಮನ ಎರಡೂ ಕೈ ಗಾಳಿಯಲ್ಲಿ ನಿಂತವು. ಕೂಸನ್ನು ಮುಟ್ಟದೆ ನನ್ನ ಮುಖ ನೋಡಿದಳು. ನಾಕು ದಿನ ಎಂದಿದ್ದ ಅಣ್ಣ. ಹನ್ನೆರಡು ದಿನದ ಮೇಲಾಗಿತ್ತು.

“ಹಿಡೀರಿ” ಎಂದೆ. “ಏನೂ ಆಗಂಗಿಲ್ಲ.”

ಅವಳು ಹಿಡಿದಳು. ಮೊದಲು ಬೆರಳ ತುದಿಯಿಂದ, ಆಮೇಲೆ ಪೂರ್ತಿ ತೋಳಿನಿಂದ. ಸಿರವಾರದಲ್ಲಿ ಅರ್ಧ ಬಸ್ಸು ಖಾಲಿಯಾಯಿತು. ಕೂಸಿನ ತಾಯಿಗೆ ಎದುರಿಗೇ ಸೀಟು ಸಿಕ್ಕಿತು. ಅವಳು ಕೈ ಚಾಚಿ, “ಕೊಡ್ರಿ ಯಕ್ಕಾ, ನಿಮಗ ತ್ರಾಸು” ಎಂದಳು.

“ಮಲಗೇದವ್ವಾ” ಎಂದಳು ನೀಲಮ್ಮ. “ಇರಲಿ. ಎಬ್ಬಸಬ್ಯಾಡ.”